ಒಂದು ಗೇಣು ಬಲಕ್ಕೆ

“ಗುರುಗಳೇ, ಗುಂಡನ್ನು ಗುರಿಗೆ ಮುಟ್ಟಿಸುವುದು ರೈಫಲ್ಲೋ, ಕೈಯೋ?”

ಕೇಳಿದವನು ಉತ್ತಯ್ಯ. ಅಪ್ಪಚ್ಚು ಗುರುಗಳ ಬಳಿ ಮೂರು ವರ್ಷದಿಂದ ಗುರಿ ಹೊಡೆಯುವುದನ್ನು ಕಲಿಯುತ್ತಿದ್ದ. ಕೇಳಿದ್ದು ತಿಳಿದುಕೊಳ್ಳುವ ಆಸೆಯಿಂದಲ್ಲ. ಇನ್ನು ಹತ್ತು ದಿನಕ್ಕೆ ರಾಜ್ಯದ ಕಿರಿಯರ ತಂಡದ ಆಯ್ಕೆ ಇತ್ತು. ಗುರುಗಳ ಶಾಲೆಯಿಂದ ಹೋಗುವವರು ಒಬ್ಬರೇ. ಮುಂದಿನ ವರ್ಷ ಉತ್ತಯ್ಯನಿಗೆ ವಯಸ್ಸು ಮೀರುತ್ತಿತ್ತು. ಶಾಲೆಗೆ ಬಂದ ಒಂದೇ ಒಂದು ಹೊಸ ರೈಫಲ್ ಚೀಟಿ ಎತ್ತಿದಾಗ ದೇಚಮ್ಮನ ಪಾಲಾಗಿತ್ತು. ಅವಳು ಅವನ ಜೊತೆಗೇ ಕಲಿಯುವವಳು. ಆವತ್ತಿನಿಂದ ಅವಳು ಅವನಿಗಿಂತ ಒಂದೆರಡು ಅಂಕ ಮುಂದೆಯೇ ಇದ್ದಳು.

ಗುರುಗಳು ‘ರೈಫಲ್’ ಎಂದರೆ, ಹಾಗಾದರೆ ಹೊಸದನ್ನು ನನಗೆ ಕೊಡಿಸಿ ಎನ್ನಬೇಕು. ‘ಕೈ’ ಎಂದರೆ, ನನ್ನ ಕೈ ಅವಳದಕ್ಕಿಂತ ಪಳಗಿದ್ದು, ಹಾಳು ರೈಫಲ್ಲೇ ಅಡ್ಡ ಬರುತ್ತಿದೆ ಎನ್ನಬೇಕು. ಎರಡಕ್ಕೂ ಮಾತು ಸಿದ್ಧಪಡಿಸಿಕೊಂಡೇ ಬಂದಿದ್ದ.

ಗುರುಗಳು ರೈಫಲ್ ಎನ್ನಲಿಲ್ಲ, ಕೈ ಎನ್ನಲಿಲ್ಲ. “ಕೂತುಕೋ” ಎಂದರು. ಉತ್ತಯ್ಯ ತನ್ನ ರೈಫಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಗುರುಗಳು ಕತೆ ಶುರು ಮಾಡಿದರು.

ಒಂದು ಗುಡ್ಡದ ಸೀಮೆ. ಅಲ್ಲಿ ಮನೆಗೊಂದು ಕೋವಿ. ನಾಟಿ ಶುರುವಾದ ದಿನ ಕೋವಿಗಳನ್ನೆಲ್ಲ ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಿದ್ದರು. ನಾಟಿ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ. ಮುಗಿದ ಮೇಲೆ ಕೋವಿಗಳಿಗೆ ಹೂ ಮುಡಿಸಿ, ಪೂಜೆ ಮಾಡಿ, ಊರ ಬಯಲಿಗೆ ತರುತ್ತಿದ್ದರು. ಎತ್ತರದ ಮರದ ತುದಿಗೆ ಒಂದು ತೆಂಗಿನಕಾಯಿ ಕಟ್ಟುತ್ತಿದ್ದರು. ಮನೆಗೆ ಒಂದೇ ಗುಂಡು. ಕಾಯಿ ಒಡೆದವನಿಗೆ ಆ ವರ್ಷದ ಗದ್ದೆಕಾವಲು. ಹಂದಿ ಬಂದರೆ ಊರೆಲ್ಲ ಅವನ ಹೆಸರು ಹಿಡಿದೇ ಕೂಗುವುದು. ಕೈಗೆ ಏನೂ ಸಿಗದ ಕೆಲಸ. ಆದರೂ ಅದಕ್ಕಿಂತ ದೊಡ್ಡ ಮರ್ಯಾದೆ ಆ ಸೀಮೆಯಲ್ಲಿ ಇರಲಿಲ್ಲ.

ಆ ಊರಿನಲ್ಲಿ ಒಬ್ಬ ರೈತನಿದ್ದ. ಅವನ ಕೋವಿ ಅವನ ಅಪ್ಪನದು. ನೋಡಿದರೆ ಒಲೆಗೆ ಹಾಕಬೇಕು ಅನ್ನಿಸುವಂಥದ್ದು. ಅವನು ಮೊದಲ ಸಲ ಕೋವಿ ಎತ್ತಿದ ದಿನ ಅಪ್ಪ ಹೇಳಿದ್ದ: “ಕಾಯಿಯಿಂದ ಒಂದು ಗೇಣು ಬಲಕ್ಕೆ ಗುರಿ ಹಿಡಿ.” ಯಾಕೆಂದು ಅಪ್ಪ ಹೇಳಲಿಲ್ಲ. ಮಗ ಕೇಳಲೂ ಇಲ್ಲ. ಕಾಯಿ ಇಲ್ಲದ ಜಾಗಕ್ಕೆ ಗುರಿ ಹಿಡಿದು ಹನ್ನೊಂದು ವರ್ಷ ಅವನು ಕಾಯಿ ಒಡೆದ. ಗುರಿ ಹಿಡಿಯುವುದೆಂದರೆ ಹೀಗೇ ಎಂದು ನಂಬಿದ್ದ. ಬೇರೆ ಕೋವಿಯನ್ನು ಅವನು ಒಮ್ಮೆಯೂ ಹೆಗಲಿಗೆ ಏರಿಸಿರಲಿಲ್ಲ.

ಅದೇ ಊರಿನಲ್ಲಿ ಒಬ್ಬ ವರ್ತಕನಿದ್ದ. ದೂರದೇಶದಿಂದ ಒಳ್ಳೆಯ ಕೋವಿ ತರಿಸಿದ್ದ. ಕನ್ನಡಿಯಂತೆ ಹೊಳೆಯುತ್ತಿತ್ತು. ಪ್ರತಿವರ್ಷ ಗುಂಡು ಹಾರಿಸುವನು, ಪ್ರತಿವರ್ಷ ತಪ್ಪುವನು. ಗುಂಡು ಹೊರಡುವ ಗಳಿಗೆಗೆ ಅವನು ಎರಡೂ ಕಣ್ಣು ಮುಚ್ಚುತ್ತಿದ್ದ. ಅದು ಊರಿಗೆಲ್ಲ ಕಾಣುತ್ತಿತ್ತು, ಅವನಿಗೊಬ್ಬನಿಗೆ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡವನಿಗೆ ಹೇಗೆ ತಾನೇ ಕಾಣಬೇಕು?

ಹನ್ನೆರಡನೆಯ ವರ್ಷ ವರ್ತಕ ಬಯಲಿನ ನಡುವೆ ನಿಂತು ರೈತನ ಮುಂದೆ ಕೈ ಚಾಚಿದ. “ಈ ಸಲ ನಿನ್ನ ಕೋವಿ ನನಗೆ ಕೊಡು. ನನ್ನದು ನೀನು ಹಿಡಿ. ನಿನ್ನ ಹೆಚ್ಚುಗಾರಿಕೆ ಯಾವುದರಲ್ಲಿದೆ ಅಂತ ಊರಿಗೆ ಗೊತ್ತಾಗಲಿ.”

ಪೂಜೆಯ ದಿನ ಕೋವಿ ಕೇಳಿದವರಿಗೆ ಇಲ್ಲವೆನ್ನಬಾರದು ಎಂಬುದು ಅಲ್ಲಿನ ಪದ್ಧತಿ. ರೈತ ಕೊಟ್ಟ.

ಮೊದಲು ವರ್ತಕ ಹೊಡೆದ. ಕಣ್ಣು ಮುಚ್ಚಿದ್ದೇನೋ ನಿಜ, ಆದರೂ ಗುಂಡು ಹಿಂದೆಂದಿಗಿಂತ ದೂರಕ್ಕೆ, ಎಡಗಡೆಯ ಎಲೆಗಳನ್ನು ಹರಿದುಕೊಂಡು ಹೋಯಿತು. ಜನ ನಕ್ಕರು. ರೈತ ಮುಂದೆ ಬಂದ. ಉಸಿರು ಬಿಗಿಹಿಡಿದ. ಕೈ ಕಲ್ಲಿನಂತೆ ನಿಂತಿತು. ಕಾಯಿಯಿಂದ ಒಂದು ಗೇಣು ಬಲಕ್ಕೆ ಗುರಿ ಹಿಡಿದು ಕೋವಿಯ ಕುದುರೆ ಒತ್ತಿದ. ಗುಂಡು ಹೋಗಿ ಸರಿಯಾಗಿ ಕಾಯಿಯ ಬಲಕ್ಕೆ ಒಂದು ಗೇಣಿನಲ್ಲಿ ಹಾದುಹೋಯಿತು. ಕಾಯಿ ಅಲ್ಲಾಡಲೂ ಇಲ್ಲ.

ಈ ಸಲ ಯಾರೂ ನಗಲಿಲ್ಲ. ಅದೇ ಅವನಿಗೆ ಹೆಚ್ಚು ನೋವಾದದ್ದು. ಉಳಿದವರಲ್ಲೂ ಯಾರೂ ಕಾಯಿ ಒಡೆಯಲಿಲ್ಲ. ಆ ವರ್ಷದ ಕಾವಲು ಪಕ್ಕದ ಊರಿನವರ ಪಾಲಾಯಿತು.

ಇಲ್ಲಿಗೆ ಬಂದಾಗ ಉತ್ತಯ್ಯನಿಗೆ ತಡೆಯಲಾಗಲಿಲ್ಲ. “ನೋಡಿದಿರಾ ಗುರುಗಳೇ! ಎಂಥ ಕೈಯಾದರೂ ಕೋವಿ ಬದಲಾದರೆ ತಪ್ಪಿತಲ್ಲ. ಎಲ್ಲಾ ಇರುವುದು ಕೋವಿಯಲ್ಲೇ.”

“ವರ್ತಕನೂ ಹಾಗೇ ಅಂದ. ಅವನ ಜೊತೆ ಮನೆಗೆ ಹೊರಟೆಯೋ, ಕತೆ ಕೇಳುತ್ತೀಯೋ?” ಎಂದರು ಗುರುಗಳು.

ರೈತ ಯಾರನ್ನೂ ಬೈಯಲಿಲ್ಲ. ವರ್ತಕನ ಕೋವಿಯನ್ನು ಮೂರು ದಿನಕ್ಕೆ ಕೇಳಿ ಪಡೆದ. ತನ್ನದನ್ನೂ ತೆಗೆದುಕೊಂಡು ಖಾಲಿ ಬಯಲಿಗೆ ಹೋದ. ಒಂದು ಬಿಳಿ ಬಟ್ಟೆಯ ನಡುವೆ ಇದ್ದಿಲಿನಿಂದ ಚುಕ್ಕೆ ಇಟ್ಟು, ಕಾಯಿ ಇರುತ್ತಿದ್ದಷ್ಟೇ ದೂರದಲ್ಲಿ ದಿಬ್ಬಕ್ಕೆ ಒರಗಿಸಿ ಕಟ್ಟಿದ. ಮರಳು ತುಂಬಿದ ಚೀಲದ ಮೇಲೆ ಕೋವಿ ಮಲಗಿಸಿದ. ಭುಜದ ಬಲ, ಕೈಯ ನಡುಕ, ಅಪ್ಪನ ಮಾತು, ಯಾವುದೂ ನಡುವೆ ಬರಬಾರದು. ಚುಕ್ಕೆಗೆ ನೇರ ಗುರಿ ಇಟ್ಟು ಒಂದು ಬೆರಳಿನಿಂದ ಮಾತ್ರ ಕುದುರೆ ಒತ್ತಿದ. ಪ್ರತಿ ಕೋವಿಯಿಂದ ಐದು ಗುಂಡು. ಊರಿನ ಜನ ದೂರದಿಂದ ನೋಡಿ, ಮರ್ಯಾದೆ ಹೋದದ್ದಕ್ಕೆ ತಲೆ ಕೆಟ್ಟಿದೆ ಪಾಪ ಎಂದುಕೊಂಡರು.

ವರ್ತಕನ ಕೋವಿಯ ಐದೂ ಗುಂಡು ಚುಕ್ಕೆಯಲ್ಲೇ ಇದ್ದವು. ರೈತನ ಸ್ವಂತ ಕೋವಿಯ ಐದೂ ಗುಂಡು ಒಂದು ರೂಪಾಯಿ ನಾಣ್ಯ ಮುಚ್ಚುವಷ್ಟು ಜಾಗದಲ್ಲಿ ಒಟ್ಟಿಗೇ ಇದ್ದವು, ಆದರೆ ಚುಕ್ಕೆಯಿಂದ ಒಂದು ಗೇಣು ಎಡಕ್ಕೆ.

ರೈತ ಬಟ್ಟೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. ದುಃಖವಾಯಿತು. ಅಪ್ಪ ಕಲಿಸಿದ್ದು ಗುರಿಯ ಪಾಠವಲ್ಲ, ಈ ಒಂದು ಕೋವಿಯ ಪಾಠ. ತನ್ನ ಹೆಚ್ಚುಗಾರಿಕೆ ಎಂದು ಹನ್ನೊಂದು ವರ್ಷ ಬೀಗಿದ್ದರಲ್ಲಿ ತನ್ನದೆಷ್ಟು, ಕೋವಿಯದೆಷ್ಟು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಆಮೇಲೆ ಬಟ್ಟೆಯ ಮೇಲೆ ಗೇಣು ಇಟ್ಟು ಮತ್ತೊಮ್ಮೆ ಅಳೆದ. ಅಳತೆ ಸರಿಯಾಗಿತ್ತು.

ವರ್ತಕನ ಮನೆಗೆ ಹೋಗಿ ಕೋವಿ ಹಿಂದಿರುಗಿಸಿದ. “ನಿಮ್ಮ ಕೋವಿ ಕೂದಲೆಳೆಯಷ್ಟೂ ಆಚೀಚೆ ಹೋಗುವುದಿಲ್ಲ ಯಜಮಾನರೇ. ಇಂಥದ್ದನ್ನು ನಾನು ಕಂಡೇ ಇರಲಿಲ್ಲ” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ವರ್ತಕನ ಮುಖ ಮಾತ್ರ ಸಪ್ಪಗಾಯಿತು. ಅವನು ಲೋಕದಲ್ಲಿ ಕೇಳಬಾರದೆಂದುಕೊಂಡಿದ್ದ ಸುದ್ದಿ ಅದೊಂದೇ. ಮರುದಿನವೇ ಇನ್ನೊಂದು ಕೋವಿಗೆ ಹೇಳಿಕಳಿಸಿದ.

ಮುಂದಿನ ವರ್ಷ ಮತ್ತೆ ಕೋವಿಗಳಿಗೆ ಹೂ ಮುಡಿಸಿದರು. ಮತ್ತೆ ಮರದ ತುದಿಗೆ ಕಾಯಿ ಕಟ್ಟಿದರು. ವರ್ತಕ ಹೊಚ್ಚಹೊಸ ಕೋವಿ ಎತ್ತಿ, ಹಿಂದಿನ ಹಾಗೆಯೇ ಕಣ್ಣು ಮುಚ್ಚಿ, ಹಿಂದಿನ ಹಾಗೆಯೇ ತಪ್ಪಿದ. ರೈತ ಅಪ್ಪನ ಕೋವಿಯನ್ನೇ ತಂದಿದ್ದ. ಒಂದು ಗೇಣು ಬಲಕ್ಕೆ ಗುರಿ ಹಿಡಿದ. ಕಾಯಿ ಒಡೆದು ನೀರು ಕೆಳಗೆ ನಿಂತವರ ತಲೆಯ ಮೇಲೆ ಸುರಿಯಿತು. ಅಷ್ಟಕ್ಕೇ ಬಿಡದೆ, ಹಿರಿಯರು ಇನ್ನೊಂದು ಕಾಯಿ ಕಟ್ಟಿಸಿ ವರ್ತಕನ ಹಿಂದಿನ ಕೋವಿಯನ್ನು ರೈತನ ಕೈಗೆ ಕೊಟ್ಟರು. ಈ ಸಲ ಕಾಯಿಗೇ ನೇರ ಗುರಿ ಇಟ್ಟ. ಅದೂ ಒಡೆಯಿತು. ಕಾವಲು ಮರಳಿ ಅವನ ಮನೆಗೆ ಬಂತು.

ಒಬ್ಬ ಹಿರಿಯರು ಕೇಳಿದರು: “ಕೋವಿಗೆ ಇಂಥ ದೋಷವಿದೆ ಎಂದು ತಿಳಿದ ಮೇಲೂ ಅದನ್ನೇ ಹೊತ್ತು ತಂದೆಯಲ್ಲಪ್ಪ, ಭಯವಾಗಲಿಲ್ಲವೇ?”

ರೈತ ಹೇಳಿದ: “ಇದು ಸುಳ್ಳು ಹೇಳುವುದು ನಿಜ. ಆದರೆ ದಿನಾಲೂ ಒಂದೇ ಸುಳ್ಳು. ದಿನಕ್ಕೊಂದು ಸುಳ್ಳು ಹೇಳುವಂಥದ್ದಾಗಿದ್ದರೆ ಅಪ್ಪನದೆಂದೂ ನೋಡದೆ ಬಾವಿಗೆ ಎಸೆದುಬಿಡುತ್ತಿದ್ದೆ.”

ಕತೆ ಮುಗಿಯಿತು. ಉತ್ತಯ್ಯ ಕುಳಿತಲ್ಲೇ ಮಿಸುಕಾಡಿದ. ಸಿದ್ಧಪಡಿಸಿಕೊಂಡು ಬಂದಿದ್ದ ಎರಡು ಮಾತುಗಳಲ್ಲಿ ಯಾವುದನ್ನು ಹೇಳಬೇಕೆಂದು ತಿಳಿಯಲಿಲ್ಲ. ಆದರೂ ಹತ್ತೇ ದಿನ ಉಳಿದಿದೆ ಎಂಬುದು ಎದೆಯಲ್ಲಿ ಕುಟುಕುತ್ತಿತ್ತು. ಧೈರ್ಯ ತಂದುಕೊಂಡು ಕೇಳಿಯೇಬಿಟ್ಟ.

“ಕತೆ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ರೈಫಲ್ ನಿಜವಾಗಿಯೂ ಸರಿಯಿಲ್ಲ. ಆಣೆ ಮಾಡಿ ಹೇಳುತ್ತೇನೆ. ಆಯ್ಕೆ ಮುಗಿಯುವವರೆಗೆ ದೇಚಮ್ಮನ ರೈಫಲ್ ನನಗೆ ಕೊಡಿಸಿ.”

ಗುರುಗಳಿಗೆ ಸಿಟ್ಟು ಬರಲಿಲ್ಲ. ಎದ್ದು ಒಳಗೆ ಹೋದರು. ಹೊಸ ರೈಫಲ್ಲನ್ನು ತಂದು ಅವನ ಎದುರಿಗೆ, ಕೈಗೆ ಎಟಕುವಷ್ಟು ಹತ್ತಿರದಲ್ಲಿ ಇಟ್ಟರು. ಉತ್ತಯ್ಯ ಕೈ ಚಾಚಿದ.

“ಕೊಡಿಸುತ್ತೇನೆ, ಆದರೆ ಅದಕ್ಕೆ ಮೊದಲು ಹೇಳು ಮಗಾ, ನಿನ್ನ ರೈಫಲ್ ಗುಂಡನ್ನು ಯಾವ ಕಡೆಗೆ, ಎಷ್ಟು ಎಳೆಯುತ್ತದೆ?”

ಉತ್ತಯ್ಯ ತೊಡೆಯ ಮೇಲಿದ್ದ ರೈಫಲ್ಲನ್ನು ನೋಡಿದ. ಮೂರು ವರ್ಷ ಅದನ್ನು ಹೊತ್ತಿದ್ದ, ಮೂರು ವರ್ಷ ಅದನ್ನು ಬೈದಿದ್ದ. ಎಡಕ್ಕೋ ಬಲಕ್ಕೋ ಎಂದು ಒಂದು ದಿನವೂ ಅಳೆದು ನೋಡಿರಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು.