ಎರಡು ಹಿಡಿಕೆಯ ವಿಮಾನ

"ಗುರುಗಳೇ, ಮಠದ ಶಾಲೆಯ ಮಕ್ಕಳನ್ನು ನಾನೂ ನಿರ್ವಾಣನೂ ಸೇರಿ ನೋಡಿಕೊಳ್ಳುತ್ತೇವೆ. ನಾನು ಒಂದು ದಿನವೂ ಕೆಲಸದಲ್ಲಿ ತಪ್ಪಿದವನಲ್ಲ. ಆದರೂ ಮಕ್ಕಳು ಹೇಳಿದ ಮಾತು ಕೇಳುವುದಿಲ್ಲ. ದೋಷ ಮಕ್ಕಳದ್ದೇ ಅಲ್ಲವೇ?" ಎಂದು ಶಿಷ್ಯ ಗುರುಶಾಂತ ಕೇಳಿದ.

ಗುರುಗಳು ಹೇಳಿದರು:

ಒಂದು ದೊಡ್ಡ ವಿಮಾನ. ಅದಕ್ಕೆ ಇಬ್ಬರು ಪೈಲಟ್‌ಗಳು, ಒಬ್ಬ ಹಿರಿಯ, ಒಬ್ಬ ಕಿರಿಯ. ಇಬ್ಬರೂ ಕೆಲಸ ಬಲ್ಲವರು. ಹಿಂದಿನ ದಿನ ಕಿರಿಯನು ವಿಮಾನ ಇಳಿಸಿದ ರೀತಿಯನ್ನು ಹಿರಿಯನು ಎಲ್ಲರೆದುರು ಗೇಲಿ ಮಾಡಿದ್ದ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಹೊರಡುವ ಮೊದಲು ಓದಲೇಬೇಕಾದ ಪಟ್ಟಿಯನ್ನು ಒಬ್ಬ ಓದಿದ, ಇನ್ನೊಬ್ಬ 'ಸರಿ, ಸರಿ' ಎಂದ. ಅದರಾಚೆ ಯಾರೂ ತುಟಿ ಬಿಚ್ಚಲಿಲ್ಲ. ಎಷ್ಟು ಎತ್ತರಕ್ಕೆ ಒಯ್ದರೂ ಮನುಷ್ಯನ ಬಿಗುಮಾನ ಇಳಿಯುವುದಿಲ್ಲ ನೋಡು.

ಆ ವಿಮಾನದಲ್ಲಿ ಅದನ್ನು ಏರಿಸಲು, ಇಳಿಸಲು ಇಬ್ಬರಿಗೂ ಒಂದೊಂದು ಹಿಡಿಕೆ. ಅದು ಅವರವರ ಹೊರಪಕ್ಕಕ್ಕೆ ಇರುತ್ತದೆ. ಒಬ್ಬನ ಕೈ ಇನ್ನೊಬ್ಬನಿಗೆ ಸುಲಭವಾಗಿ ಕಾಣುವುದಿಲ್ಲ. ಅದಕ್ಕೇ ಒಂದು ಕಟ್ಟಳೆ: ಹಿಡಿಯುವವನು 'ಹಿಡಿದೆ' ಎನ್ನಬೇಕು, ಬಿಡುವವನು 'ಬಿಟ್ಟೆ' ಎನ್ನಬೇಕು.

ನಡು ಆಕಾಶದಲ್ಲಿ, ವಿಮಾನವನ್ನು ತಾನಾಗಿ ನಡೆಸುತ್ತಿದ್ದ ಯಂತ್ರ ಕೆಟ್ಟು ನಿಂತಿತು. ಮೂತಿ ಕೆಳಗೆ ಬಾಗಿತು. ಎಚ್ಚರಿಕೆಯ ಗಂಟೆಗಳು ಒಟ್ಟಿಗೇ ಹೊಡೆದುಕೊಂಡವು. ಮೂತಿ ಎತ್ತಲೆಂದು ಹಿರಿಯನು ಹಿಡಿಕೆಯನ್ನು ತನ್ನತ್ತ ಎಳೆದ. ಮೂತಿ ಹೆಚ್ಚು ಎದ್ದರೆ ವಿಮಾನ ಬೀಳುತ್ತದೆಂದು ಕಿರಿಯನು ತನ್ನ ಹಿಡಿಕೆಯನ್ನು ಮುಂದಕ್ಕೆ ಒತ್ತಿದ. ಹಿಡಿದೆನೆಂದು ಇಬ್ಬರೂ ಹೇಳಲಿಲ್ಲ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ವಿಮಾನ ಎದ್ದಿತು, ಕುಸಿಯಿತು, ಹೊಯ್ದಾಡಿತು. ಹಿಂದೆ ಕುಳಿತ ಜನ ಚೀರಿದರು. ತಾಯಿಯ ಮಡಿಲಿನಿಂದ ಒಂದು ಕೂಸು ಜಾರಿ ಹಣೆ ಒಡೆದುಕೊಂಡಿತು.

"ಇದು ನನ್ನ ಮಾತೇ ಕೇಳ್ತಿಲ್ಲ!" ಎಂದು ಹಿರಿಯನು ದೇವರಿಗೆ ದೂರು ಹೇಳುವಂತೆ ಕೂಗಿದ.

"ನನ್ನ ಮಾತೂ ಕೇಳ್ತಿಲ್ಲ ಸಾರ್!" ಎಂದ ಕಿರಿಯ.

ಆಗ ಇಬ್ಬರೂ ಒಬ್ಬರತ್ತ ಒಬ್ಬರು ತಿರುಗಿ ನೋಡಿದರು. ಇಬ್ಬರ ಮುಷ್ಟಿಯಲ್ಲೂ ಹಿಡಿಕೆ ಇತ್ತು. "ಬಿಟ್ಟೆ. ನೀವು ಹಿಡೀರಿ" ಎಂದು ಹಿರಿಯನು ಕೈ ತೆಗೆದ. ಸ್ವಲ್ಪ ಹೊತ್ತಿಗೆ ವಿಮಾನ ನೆಟ್ಟಗಾಯಿತು.

ಇಳಿದ ಮೇಲೆ ಆ ತಾಯಿ ಕೂಸನ್ನು ಎತ್ತಿಕೊಂಡು ಅವರ ಬಳಿಗೆ ಬಂದಳು. ಕೂಸಿನ ಹಣೆಗೆ ಬಟ್ಟೆ ಕಟ್ಟಿತ್ತು. "ಕೆಟ್ಟ ವಿಮಾನಾನ ನೀವಿಬ್ರೂ ಸೇರಿ ಉಳಿಸಿದ್ರಿ. ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದು ಕೈ ಮುಗಿದಳು. ಹಿರಿಯನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕಿರಿಯನು ಟೋಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಆ ನಮಸ್ಕಾರವನ್ನು ತಡೆದುಕೊಳ್ಳಲಾಗಲಿಲ್ಲ. ಕೂಸಿನ ಮುಖ ನೋಡಲು ಇಬ್ಬರಿಗೂ ನಾಚಿಕೆಯಾಯಿತು.

ಇಲ್ಲಿಗೆ ಗುರುಗಳು ಕತೆ ಮುಗಿಸಿದರು.

"ಆದರೂ ಗುರುಗಳೇ, ಮೊದಲು ಕೆಟ್ಟದ್ದು ಯಂತ್ರ ತಾನೇ?" ಎಂದ ಗುರುಶಾಂತ.

ಗುರುಗಳು ಅವನನ್ನೇ ನೋಡಿ ಕೇಳಿದರು: "ನಿರ್ವಾಣನೊಡನೆ ನೀನು ಮಾತು ಬಿಟ್ಟು ಎಷ್ಟು ದಿನವಾಯಿತು?"