ಡಬ್ಬಿಯೊಳಗಿನ ಸಾಲು

"ಮೇಷ್ಟ್ರೇ, ನಾನು ಬರೆದದ್ದು ಎಲ್ಲಿಗೋ ಹೋಗಿ ಓಡುತ್ತದೆ. ಓಡಿಸುವವರಿಗೆ ನನ್ನ ಹೆಸರೂ ಗೊತ್ತಿರುವುದಿಲ್ಲ. ಹಾಗಾದರೆ ನಾನು ಯಾವುದಕ್ಕೆ ಹೆಮ್ಮೆಪಡಬೇಕು?" ಎಂದು ನಳಿನಾಕ್ಷಿ ಕೇಳಿದಳು.

ಮಹಾಲಿಂಗ ಮೇಷ್ಟ್ರ ರೋಬೋಟ್ ಶಾಲೆಯಲ್ಲಿ ಅವಳಿಗೆ ಅದು ಮೂರನೆಯ ವರ್ಷ. ರೋಬೋಟಿನ ಪ್ರೋಗ್ರಾಂ ಬರೆಯುವುದು, ಇಲ್ಲಿಯೇ ಕಂಪೈಲ್ ಮಾಡಿ ಓಡಲು ಸಿದ್ಧವಾಗಿಡುವುದು, ಬೇಕಾದ ಸಕಲವನ್ನೂ ಅದರ ಜೊತೆಗಿಟ್ಟು ಒಂದು ಕಂಟೇನರಿನಲ್ಲಿ ಮುಚ್ಚಿ ಕಳಿಸುವುದು ಅವಳ ಕೆಲಸ. ಕಂಟೇನರಿಗೆ ಮೇಷ್ಟ್ರು ಡಬ್ಬಿ ಎನ್ನುತ್ತಿದ್ದರು.

"ಹೆಮ್ಮೆಯಾ? ಅದು ನನ್ನ ಹತ್ತಿರ ಬೇಕಾದಷ್ಟು ಉಂಟು ಮಾರಾಯ್ತಿ, ಸ್ವಲ್ಪ ನಿನಗೂ ಕೊಡುತ್ತೇನೆ. ಕೂತುಕೋ. ನಡುವೆ ಬಾಯಿ ಹಾಕಬೇಡ" ಎಂದು ಮೇಷ್ಟ್ರು ಕತೆಗೆ ತೊಡಗಿದರು.

ಒಬ್ಬ ಸುರಂಗ ತೋಡುವವನಿದ್ದ. ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಳಗಿನ ನೀರನ್ನು ಹೊರಗೆ ತರುವ ಸುರಂಗ. ಅವನಷ್ಟು ನೇರ ಕೊರೆಯುವವನು ಆ ಸೀಮೆಯಲ್ಲೇ ಇರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ಹೆಂಡತಿಯ ಹತ್ತಿರ ಜಗಳವಾಯಿತು. ಯಾವುದಕ್ಕೆ ಎಂದು ಕೇಳಬೇಡ, ಗಂಡಹೆಂಡಿರ ಜಗಳಕ್ಕೆ ಕಾರಣ ಬೇಕಾ? ಅವನು ಹಾರೆ ಎತ್ತಿಕೊಂಡು "ಹೋಗ್ತೇನೆ" ಎಂದು ಹೊರಟೇಬಿಟ್ಟ. ಬರುವ ಮಾತೇ ಇಲ್ಲ! ಮನೆಯಿಂದ ಹೊರಡುವವರು ಹಾಗೆ ಹೇಳುವುದುಂಟಾ? ಹೆಂಡತಿ ಬಾಗಿಲವರೆಗೆ ಬಂದಳು. ಆದರೆ ಅವಳಿಗೂ ಸಿಟ್ಟಿತ್ತು, ಹಿಂದಕ್ಕೆ ಕರೆಯಲಿಲ್ಲ.

ಹತ್ತು ಗಂಟೆಗೆ ಸುರಂಗ ಕುಸಿಯಿತು. ಬಿದ್ದ ಮಣ್ಣಿನ ಮೇಲುಗಡೆ ಬೆಕ್ಕು ನುಸುಳುವಷ್ಟು ಸಂದು ಉಳಿದಿತ್ತು. ಆಚೆಯಿಂದ ಅವನ ಕೂಗು ಕೇಳುತ್ತಿತ್ತು, ಆದರೆ ಸಣ್ಣದಾಗುತ್ತಾ ಬಂತು. ಮಣ್ಣು ತೆಗೆಯಲು ಸಂಜೆಯಾಗುತ್ತದೆ. ಅಷ್ಟು ಹೊತ್ತಿಗೆ ಅಲ್ಲಿ ಗಾಳಿ ಇರುವುದಿಲ್ಲ. ಹೇಗಾದರೂ ಒಂದು ಗಾಳಿಯ ಕೊಳವೆಯನ್ನು ಅವನಿಗೆ ಮುಟ್ಟಿಸಬೇಕು.

ಊರಿನ ಒಬ್ಬ ವ್ಯಾಪಾರಿಯ ಹತ್ತಿರ ಪೈಪುಗಳೊಳಗೆ ತೆವಳುವ ಪುಟ್ಟ ರೋಬೋಟ್ ಇತ್ತು. ಅದರ ಪ್ರೋಗ್ರಾಂ ಕೆಟ್ಟು ತಿಂಗಳಾಗಿತ್ತು. ಅವನು ಸಿಗ್ನಲ್ ಸಿಗುವ ರಸ್ತೆಗೆ ಓಡಿ, ಊರೂರಲ್ಲಿ ಹಾರ ಹಾಕಿಸಿಕೊಂಡ ಒಬ್ಬ ದೊಡ್ಡ ಎಂಜಿನಿಯರಿಗೆ ಫೋನ್ ಮಾಡಿದ.

"ನಾನೇ ಬರಬೇಕಾಗುತ್ತದೆ. ಅಲ್ಲಿಯೇ ಕೂತು ಕಂಪೈಲ್ ಮಾಡಬೇಕು. ನೆಟ್‌ವರ್ಕ್ ಉಂಟಾ?"

"ಆ ಗುಡ್ಡದಲ್ಲಿ ಎಲ್ಲಿಯ ನೆಟ್‌ವರ್ಕ್ ಸ್ವಾಮಿ!"

"ಹಾಗಾದರೆ ನಾಳೆ ನೋಡುವ."

ನಾಳೆಯಂತೆ!

ಆಗ ವ್ಯಾಪಾರಿಗೆ ನೆನಪಾಯಿತು. ಆ ರೋಬೋಟಿಗೆ ಬದಲಿ ಪ್ರೋಗ್ರಾಂ ಎಂದು ಒಂದು ಪೆನ್‌ಡ್ರೈವ್ ಅಂಚೆಯಲ್ಲಿ ಬಂದಿತ್ತು. ಆಮೇಲೆ ನೋಡಿದರಾಯಿತು ಎಂದು ಡ್ರಾಯರಿಗೆ ಹಾಕಿದ್ದ. ಓಡಿಹೋಗಿ ತಂದ. ಅದರಲ್ಲಿ ಒಂದು ಡಬ್ಬಿ ಇತ್ತು. ರೋಬೋಟಿಗೆ ಸಿಕ್ಕಿಸಿ ಒಂದೇ ಒಂದು ಆಜ್ಞೆ ಒತ್ತಿದ. ಡಬ್ಬಿ ಅದು ಬೇಕು, ಇದು ಬೇಕು ಎನ್ನಲಿಲ್ಲ. ನೆಟ್‌ವರ್ಕ್ ಕೇಳಲಿಲ್ಲ. ಕಟ್ಟುವ ಕೆಲಸವನ್ನೆಲ್ಲ ಮೊದಲೇ ಯಾರೋ ಮುಗಿಸಿ ಕಳಿಸಿದ್ದರು. ರೋಬೋಟಿನ ಬೆನ್ನಿನ ಪರದೆಯ ಮೇಲೆ ಒಂದು ಸಾಲು ಮೂಡಿತು.

ಹೋಗಿ ಬರ್ತೇನೆ.

ಸುರಂಗದ ಬಾಯಿಯಲ್ಲಿ ಕಲ್ಲಿನ ಹಾಗೆ ಕೂತಿದ್ದ ಹೆಂಡತಿ ಅದನ್ನು ಓದಿ ಗೊಳೋ ಎಂದು ಅತ್ತಳು. "ಹೋಗಿ ಬಾ ಮಗಾ, ಅವರನ್ನೂ ಕರಕೊಂಡು ಬಾ" ಎಂದು ಆ ಯಂತ್ರದ ಬೆನ್ನು ಸವರಿದಳು.

ಗಾಳಿಯ ಕೊಳವೆಯನ್ನು ಬಾಲಕ್ಕೆ ಕಟ್ಟಿಸಿಕೊಂಡು ಅದು ಸಂದಿನೊಳಗೆ ಹೊಕ್ಕಿತು. ಗುಡ್ಡದೊಳಗೆ ಹೊರಗಿನ ಸಿಗ್ನಲ್ ಹೋಗುವುದಿಲ್ಲ. ತಿರುಗು, ನಿಲ್ಲು ಎಂದು ಹೇಳುವವರಿಲ್ಲ. ಡಬ್ಬಿಯಲ್ಲಿ ಏನಿತ್ತೋ ಅಷ್ಟೇ ಅದರ ಬುದ್ಧಿ. ಒಂದು ಕಡೆ ತಪ್ಪಿದ್ದರೂ ಅವನ ಕತೆ ಅಲ್ಲಿಗೆ ಮುಗಿಯುತ್ತಿತ್ತು. ತಪ್ಪಿರಲಿಲ್ಲ ಮಾರಾಯ್ತಿ, ಒಂದೂ ತಪ್ಪಿರಲಿಲ್ಲ!

ಇಲ್ಲಿ ಮೇಷ್ಟ್ರು ಮೇಜಿಗೆ ಗುದ್ದಿದರು. ಅವರ ಕಣ್ಣು ಒದ್ದೆಯಾಗಿತ್ತು. ಮೂಗೊರೆಸಿಕೊಂಡು ಮುಂದುವರಿಸಿದರು.

ಕೊಳವೆ ಅವನ ಕೈಗೆ ಸಿಕ್ಕಿತು. ಸಂಜೆ ಐದಕ್ಕೆ ಅವನನ್ನು ಹೊರಗೆ ಎಳೆದರು. ಮೈಯೆಲ್ಲ ಕೆಸರು, ಆದರೂ ಹೆಂಡತಿಯನ್ನು ನೋಡಿ ಮೊದಲು ಹೇಳಿದ ಮಾತು, "ಬಂದೆ." ಈಗ ಅವನು ದಿನಾ ಬಾಗಿಲಲ್ಲಿ ನಿಂತು ಪೂರ್ತಿ ಮಾತು ಹೇಳಿಯೇ ಹೊರಡುತ್ತಾನಂತೆ.

ಹೆಂಡತಿ ವ್ಯಾಪಾರಿಯನ್ನು ಕೇಳಿದಳು, "ಆ ಸಾಲು ಬರೆದವರು ಯಾರು?" ವ್ಯಾಪಾರಿ, "ಗೊತ್ತಿಲ್ಲಮ್ಮ, ಡಬ್ಬಿಯೊಳಗೇ ಇತ್ತು" ಎಂದ. ಆದರೆ ಅವನು ಅಷ್ಟಕ್ಕೆ ಬಿಡಲಿಲ್ಲ. ಅಂಚೆಯ ವಿಳಾಸ ಹುಡುಕಿಕೊಂಡು ನಿನ್ನೆ ಇಲ್ಲಿಗೆ ಬಂದಿದ್ದ.

ನಳಿನಾಕ್ಷಿ ಥಟ್ಟನೆ ಎದ್ದು ನಿಂತಳು. ಏನೋ ಹೇಳಲು ಹೊರಟಳು.

ಮೇಷ್ಟ್ರು ಹೇಳಿದರು: "ಆ ಸಾಲು ದಂಡ, ಅಳಿಸಿಹಾಕು ಎಂದು ನಾನು ಮೂರು ಸಲ ಬೈದರೂ ನೀನು ಅಳಿಸಲಿಲ್ಲ ನೋಡು, ಅದಕ್ಕೆ ಹೆಮ್ಮೆಪಡು."