ಕೂರದ ಸೈಲೆನ್ಸರ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕತೆಯನ್ನು ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಬರೆದು ಅಭ್ಯಾಸವಿಲ್ಲ. ಬೆಳಗಿನ ಪೂಜೆಗೆ ಮುಂಚೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ಕೂತು ಬರೆಯುತ್ತಿದ್ದೇನೆ. ನಮ್ಮ ಗುರುಗಳು ಹೇಳಿದಾಗ ಕತೆ ಚಿಕ್ಕದಾಗಿತ್ತು. ನನ್ನ ಕೈಯಲ್ಲಿ ಉದ್ದವಾಗುತ್ತಿದೆ. ಓದುವವರಿಗೆ ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಭಯ.

ಪ್ರಶ್ನೆ ಕೇಳಿದವನು ಪಂಚಾಕ್ಷರಿ. ಮಠದಲ್ಲಿ ನನಗಿಂತ ಕಿರಿಯ, ನಿಯಮದಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಒಂದು ಮಧ್ಯಾಹ್ನ ಪ್ರಸಾದವಾದ ಮೇಲೆ ಗುರುಗಳ ಮುಂದೆ ಬಂದು ಕುಳಿತ.

"ಬುದ್ಧಿ," ಎಂದ. ನಮ್ಮ ಕಡೆ ಮಠದ ಗುರುಗಳನ್ನು ಹಾಗೆಯೇ ಕರೆಯುವುದು. "ಬುದ್ಧಿ, ಏಳುವ ಹೊತ್ತು ತಪ್ಪಿಸಿಲ್ಲ. ಊಟದ ನೇಮ ತಪ್ಪಿಸಿಲ್ಲ. ಬೆಳಗಿನ ಪೂಜೆ ಮುಗಿಯುವ ತನಕ ಒಂದು ಮಾತೂ ಆಡುವುದಿಲ್ಲ. ಎಲ್ಲವನ್ನೂ ಬಿಗಿಯಾಗಿ ಹಿಡಿದಿದ್ದೇನೆ. ಆದರೂ ಮನಸ್ಸು ಕೂರುತ್ತಿಲ್ಲ. ಯಾಕೆ? ಈ ಮಠದವರ ಗಲಾಟೆಯಲ್ಲಿ ಅದು ಕೂರುವುದೂ ಇಲ್ಲ. ಬೇರೆ ಮಠಕ್ಕೆ ಹೋಗಲು ಅಪ್ಪಣೆ ಕೊಡಿ."

ಅವನು ಹೇಳಿದ್ದು ಸುಳ್ಳಲ್ಲ. ಪೂಜೆಗೆ ಮುಂಚೆ ಅವನು ಮಾತಾಡುತ್ತಿರಲಿಲ್ಲ. ಬೇರೆ ಯಾರಾದರೂ ಮಾತಾಡಿದರೆ ಬಾಗಿಲಿನ ಚಿಲಕ ಹಿಡಿದು ಕುಟ್ಟುತ್ತಿದ್ದ. ಕೆಮ್ಮಿದರೂ ಕುಟ್ಟುತ್ತಿದ್ದ. ಅಡುಗೆಮನೆಯಲ್ಲಿ ಪಾತ್ರೆ ಜಾರಿ ಬಿದ್ದರೆ, ಇನ್ನೊಂದು ಪಾತ್ರೆಯನ್ನು ನೆಲಕ್ಕೆ ಬಡಿದು, ಸದ್ದು ಮಾಡಬೇಡಿ ಎಂದು ತಿಳಿಸುತ್ತಿದ್ದ. ಮಾತು ಮಾತ್ರ ಆಡುತ್ತಿರಲಿಲ್ಲ. ಇದನ್ನು ಈಗಲೇ ಹೇಳಿದ್ದೇನೆ, ಏಕೆಂದರೆ ಕೊನೆಗೆ ಬೇಕಾಗುತ್ತದೆ.

ಗುರುಗಳು ಅಪ್ಪಣೆಯನ್ನು ಕೊಡಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಕತೆ ಹೇಳಿದರು.

ಒಬ್ಬ ಅಣ್ಣ ಇದ್ದ. ಅವನ ತಂಗಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಾಣಂತನ ಮುಗಿಯಿತು. ತಂಗಿಯನ್ನೂ ಮಗುವನ್ನೂ ಗಂಡನ ಮನೆಗೆ ಕಳಿಸುವ ದಿನ ಗೊತ್ತಾಯಿತು. ಅಣ್ಣನಾದವನೇ ಕರೆದುಕೊಂಡು ಹೋಗಿ, ಮಗುವನ್ನು ಗಂಡನ ಮನೆಯವರ ಕೈಗೆ ಕೊಟ್ಟು ಬರುವುದು ಆ ಮನೆಯ ರೂಢಿ. ರಾಹುಕಾಲ ಬರುವ ಮುಂಚೆ ಹೊರಡಬೇಕು. ತಂದೆ ತಾಯಿ ಇಲ್ಲದ ಮನೆ. ಹಾಗಾಗಿ ತಂಗಿಗೆ ಅಣ್ಣ ಜೊತೆಗೆ ಬರುವುದು ದೊಡ್ಡ ವಿಷಯ.

ಅಣ್ಣನ ಬಳಿ ಹಳೆಯ ಕಾರೊಂದಿತ್ತು. ಅದರ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಸೈಲೆನ್ಸರ್ ಎಂದರೆ ಎಂಜಿನ್ನಿನ ಹೊಗೆಯನ್ನು ಹಿಂದಕ್ಕೆ ಒಯ್ದು, ಸದ್ದನ್ನು ಒಳಗೇ ಅಡಗಿಸುವ ಕೊಳವೆ. ಅದು ತೂತಾದರೆ ಕಾರು ಗುಡುಗುತ್ತದೆ. ಈ ಸದ್ದಿಗೆ ಮಗು ಬೆಚ್ಚಿಬಿದ್ದೀತು ಎಂದು ಅಣ್ಣನಿಗೆ ಅನಿಸಿತು. ಹೊಸದನ್ನು ತಂದ. "ನಾಲ್ಕು ಬೋಲ್ಟು ಅಷ್ಟೇ, ಮನೆಯಲ್ಲೇ ಹಾಕ್ಕೊಳ್ಳಿ," ಎಂದು ಅಂಗಡಿಯವನು ಹೇಳಿದ್ದ. ಅಣ್ಣ ಅದಕ್ಕೆ ಮುಂಚೆ ಕಾರಿನ ಕೆಳಗೆ ನುಸುಳಿದವನೇ ಅಲ್ಲ.

ಹೊರಡುವ ದಿನ ಬೆಳಗಾಗುತ್ತಲೇ ಕಾರನ್ನು ಜಾಕಿನಿಂದ ಎತ್ತಿದ. ಜಾರದಂತೆ ಗಟ್ಟಿ ಆಸರೆ ಕೊಟ್ಟ. ಕೆಳಗೆ ಗೋಣಿಚೀಲ ಹಾಸಿ ಮಲಗಿದ. ಹಳೆಯ ಬೋಲ್ಟುಗಳು ತುಕ್ಕಿನಲ್ಲಿ ಅಂಟಿಕೊಂಡಿದ್ದವು. ಸೀಮೆಎಣ್ಣೆ ಸುರಿದ. ಬೈದ. ಒಂದು ಬೋಲ್ಟು ಮುರಿಯಿತು. ತುಕ್ಕಿನ ಪುಡಿ ಕಣ್ಣಿಗೆ ಬಿತ್ತು. ಇನ್ನಷ್ಟು ಬೈದ. ಅಂತೂ ಹಳೆಯದು ಕಳಚಿತು.

ಈಗ ಹೊಸದು. ಎಂಜಿನ್ ಕಡೆಯ ಜೋಡಣೆಯನ್ನು ಮೊದಲು ಹಿಡಿದ. ಮೈಯ ಬಲವನ್ನೆಲ್ಲ ಹಾಕಿ ಬಿಗಿದ. ನಡುವಿನ ಪಟ್ಟಿಯನ್ನೂ ಹಾಗೆಯೇ ಬಿಗಿದ. ಉಳಿದದ್ದು ಹಿಂಭಾಗ. ಅಲ್ಲಿ ಕೊಳವೆ ರಬ್ಬರಿನ ಬಳೆಯಲ್ಲಿ ತೂಗಬೇಕು. ಕೊಳವೆ ಬಳೆಯ ಹತ್ತಿರಕ್ಕೂ ಬರಲಿಲ್ಲ. ಅತ್ತ ವಾಲಿ ನಿಂತಿತು.

ಬಿಗಿದದ್ದನ್ನು ಸಡಿಲಿಸಬೇಕಿತ್ತು. ಆದರೆ ಸಡಿಲಿಸುವುದೆಂದರೆ ಬೆಳಗಿನಿಂದ ಪಟ್ಟ ಪಾಡೆಲ್ಲ ನೀರಲ್ಲಿ ಹೋದ ಹಾಗೆ ಎಂದು ಅವನಿಗನಿಸಿತು. ಮುಂದಿನದು ಸರಿಯಾಗಿದೆ, ನಡುವಿನದು ಸರಿಯಾಗಿದೆ, ತಪ್ಪೆಲ್ಲ ಹಿಂದಿನದೇ ಎಂದುಕೊಂಡ. ಎಳೆದ. ಒದ್ದ. ಸುತ್ತಿಗೆ ತೆಗೆದುಕೊಂಡು ಬಡಿದ.

"ಕೂರು! ಕೂರು ಅಂದ್ರೆ ಕೂರಬೇಕು, ದರಿದ್ರದ್ದೇ!"

ಹೆಂಡತಿ ಬಗ್ಗಿ ನೋಡಿ, "ರೀ, ಮೆಲ್ಲಗೆ. ಮಗು ಈಗ ತಾನೇ ಕಣ್ಣು ಮುಚ್ಚಿದೆ," ಎಂದಳು.

"ಮತ್ತೆ ಇದೆಲ್ಲ ಯಾರಿಗೋಸ್ಕರ ಮಾಡ್ತಿರೋದು ನಾನು?" ಅವನು ಕೆಳಗಿನಿಂದಲೇ ಕಿರುಚಿದ. "ಆ ಮಗು ನೆಮ್ಮದಿಯಾಗಿ ಮಲಗಲಿ ಅಂತ ತಾನೇ!"

ಮಗು ಎದ್ದು ಅಳತೊಡಗಿತು.

ತಂಗಿ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಕಾರಿನ ಕೆಳಗಿನಿಂದ ಅಣ್ಣನ ಕಾಲುಗಳು ಮಾತ್ರ ಕಾಣುತ್ತಿದ್ದವು. "ಅಣ್ಣಾ, ಆಸ್ಪತ್ರೆಯಿಂದ ಇದೇ ಕಾರಲ್ಲಿ ಬಂದ್ವಿ. ಅವತ್ತೂ ಗುಡುಗ್ತಿತ್ತು. ಇವನು ಏಳಲಿಲ್ಲ. ಇವತ್ತು ಕಾರು ಸುಮ್ಮನೆ ನಿಂತಿದೆ ನೋಡು. ಹಳೇದನ್ನೇ ಸಿಕ್ಕಿಸು, ಇಲ್ಲ ಆಟೋದಲ್ಲೇ ಹೋಗೋಣ. ನೀನು ಎದ್ದು ಬಾ."

"ಇಷ್ಟು ಮಾಡಿದ ಮೇಲೆ ಆಟೋದಲ್ಲಾ? ತಡಿ, ಆಯ್ತು. ಇದೊಂದು ಕೂತುಬಿಡಲಿ."

ಅದು ಕೂರಲಿಲ್ಲ. ರಾಹುಕಾಲ ಹತ್ತಿರವಾಯಿತು. ಆಟೋ ಬಂದು ನಿಂತಿತು. ಅತ್ತಿಗೆಯನ್ನು ಜೊತೆಗೆ ಕರೆದುಕೊಂಡು ತಂಗಿ ಹತ್ತಿದಳು. ಮತ್ತೊಮ್ಮೆ ಕರೆದಳು. ಕೆಳಗಿನಿಂದ ಸುತ್ತಿಗೆಯ ಸದ್ದು ಮಾತ್ರ ಬಂತು.

ಅವರು ಹೋದರು. ಬೈಯಲು ಯಾರೂ ಉಳಿಯಲಿಲ್ಲ. ಅಣ್ಣನ ಕೈ ಸೋತಿತು. ಎಲ್ಲ ಬೋಲ್ಟುಗಳನ್ನೂ ಸಡಿಲ ಮಾಡಿದ, ಕಳಚಿ ಎಸೆದುಬಿಡೋಣ ಎಂದು. ಸಡಿಲವಾದ ಕೊಳವೆ ತಾನಾಗಿಯೇ ಸ್ವಲ್ಪ ಹೊರಳಿತು. ಹಿಂದಿನ ಕೊನೆ ಬಳೆಯ ಎದುರಿಗೆ ಬಂದು ನಿಂತಿತು. ಒಂದು ಬೆರಳಿನಿಂದ ತಳ್ಳಿದ. ಕೂತಿತು. ಆಮೇಲೆ ಒಂದೊಂದಾಗಿ ಬಿಗಿದ. ಕಾರನ್ನು ಇಳಿಸಿ ಶುರು ಮಾಡಿದ. ಸದ್ದೇ ಇಲ್ಲ. ಸದ್ದಿಲ್ಲದಿರುವುದನ್ನು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಪಂಚಾಕ್ಷರಿಗೆ ರೇಗಿತು. "ಅವನ ತಪ್ಪೇನು ಬುದ್ಧಿ? ಬಿಗಿ ಮಾಡಬೇಕಾದದ್ದನ್ನೇ ಬಿಗಿ ಮಾಡಿದ. ಮಗುವಿನ ನಿದ್ದೆಗಾಗಿಯೇ ಮಾಡಿದ. ನಾನು ಕೇಳಿದ್ದಕ್ಕೂ ಇದಕ್ಕೂ ಏನು ಸಂಬಂಧ?"

ಗುರುಗಳು ಅವನನ್ನೇ ನೋಡಿ ಕೇಳಿದರು: "ಇವತ್ತು ಬೆಳಿಗ್ಗೆ ನಿನ್ನ ಮೌನಕ್ಕೆ ಎಷ್ಟು ಜನರಿಗೆ ಎಚ್ಚರವಾಯಿತು, ಪಂಚಾಕ್ಷರಿ?"

ಅವನು ಕೈಮುಗಿದು ಎದ್ದ. ಅಪ್ಪಣೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಕತೆ ಇಷ್ಟೇ. ಆದರೂ ಸ್ವಲ್ಪ ಬಿಡಿಸಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಣ್ಣ ಬೋಲ್ಟು ಬಿಗಿದದ್ದು ತಪ್ಪು ಎಂದು ಗುರುಗಳು ಹೇಳಲಿಲ್ಲ. ಕೊನೆಗೆ ಅವನೂ ಬಿಗಿದನಲ್ಲ. ಹಾಗಾದರೆ ತಪ್ಪು ಯಾವುದು ಎಂದರೆ, ಮೊದಲು ಎಲ್ಲವನ್ನೂ ಸಡಿಲವಾಗಿ ಒಂದಕ್ಕೊಂದು ಹೊಂದಿಸಿಕೊಂಡು, ಅಂದರೆ ನಮ್ಮ ನೇಮದಲ್ಲಿ ಪಕ್ಕದವರ ಕೆಮ್ಮಿಗೂ ಒಂದಿಷ್ಟು ಜಾಗ ಬಿಟ್ಟು, ಆಮೇಲೆ...

ಯಾರೋ ನನ್ನನ್ನು "ಶಂಭಣ್ಣಾ" ಎಂದು ಕರೆಯುತ್ತಿದ್ದಾರೆ, ಮೆಲ್ಲಗೆ. ಪೂಜೆ ಇನ್ನೂ ಆಗಿಲ್ಲ. ಬಾಗಿಲಲ್ಲಿ ಪಂಚಾಕ್ಷರಿ ನಿಂತಿದ್ದಾನೆ. ಚಿಲಕ ಮುಟ್ಟಿಲ್ಲ. ಬಂದೆ ಕಣಪ್ಪಾ, ಬಂದೆ.